ಮೈಕ್ರೊಕಂಟ್ರೋಲರ್ ಕಲಿಕೆ ಮಳೆಯ ಸೆಂಟ್‌ನಿಂದ ಶುರುವಾಗಲಿ

ಮಾನ್ಯ ಸಂಪಾದಕರಿಗೆ,

ನಮ್ಮ ಜಿಲ್ಲೆಯ ಶಾಲೆಯೊಂದಕ್ಕೆ ದಾನಿಗಳು ರೊಬೊಟಿಕ್ಸ್ ಕಿಟ್‌ಗಳನ್ನು ಕೊಟ್ಟ ಸುದ್ದಿಯನ್ನು ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಓದಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಚಿತ್ರದಲ್ಲಿ ಮಕ್ಕಳ ಕೈಯಲ್ಲಿದ್ದ ಡಬ್ಬಿಗಳ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಬಿಚ್ಚಿರಲಿಲ್ಲ. ಆ ಹೊದಿಕೆ ಬಿಚ್ಚಿದ ಮೇಲೆ ಬರುವ ಮೊದಲ ಒಂದು ಗಂಟೆಯ ಬಗ್ಗೆ ಮತ್ತು ಆ ಗಂಟೆಯನ್ನು ದಾಟಿದ ಮಕ್ಕಳು ಕೊಡಗಿನಲ್ಲಿ ಮೊದಲು ಕೈಹಾಕಬೇಕಾದ ಕೆಲಸವಾದ, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಮಳೆ ಎಣಿಸುವ ಮಾಪಕದ ಬಗ್ಗೆ ನನಗೆ ಅನುಭವದಿಂದ ತಿಳಿದಷ್ಟನ್ನು ಬರೆಯುತ್ತಿದ್ದೇನೆ.

ನಾನು ಎಂಜಿನಿಯರ್ ಅಲ್ಲ, ನಾಪೋಕ್ಲು ಕಡೆಯ ಸಣ್ಣ ಕಾಫಿ ಬೆಳೆಗಾರ. ಐವತ್ತು ದಾಟಿದ ಮೇಲೆ, ಮಳೆಗಾಲದಲ್ಲಿ ಮನೆಯೊಳಗೇ ಕುಳಿತಿರಬೇಕಾದ ದಿನಗಳಲ್ಲಿ, ಒಂದು ಮೈಕ್ರೊಕಂಟ್ರೋಲರ್ ಬೋರ್ಡ್ (ನಾವು ಬರೆದ ಪ್ರೋಗ್ರಾಮಿನಂತೆ ದೀಪ, ಮೋಟರ್ ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್ಪಿನ ಹಲಗೆ) ತರಿಸಿಕೊಂಡು ತಪ್ಪು ಮಾಡುತ್ತ ಕಲಿತವನು. ಈಗ ಭಾನುವಾರಗಳಂದು ಅಕ್ಕಪಕ್ಕದ ತೋಟಗಳ ನಾಲ್ಕೈದು ಮಕ್ಕಳು ನಮ್ಮ ಜಗಲಿಗೆ ಬರುತ್ತಾರೆ. ಅವರಲ್ಲಿ ಬೆಳೆಗಾರರ ಮಕ್ಕಳೂ ಇದ್ದಾರೆ, ತೋಟದ ಕಾರ್ಮಿಕರ ಲೈನ್‌ಮನೆಯ ಮಕ್ಕಳೂ ಇದ್ದಾರೆ.

‘ಇದು ಎಂಜಿನಿಯರಿಂಗ್ ಓದುವವರಿಗೆ, ಹೈಸ್ಕೂಲಿನವರಿಗೆ ಯಾಕೆ’ ಎಂದು ಕೇಳುವ ಹಿರಿಯರಿದ್ದಾರೆ. ಅವರಿಗೆ ಈ ಬೋರ್ಡ್‌ಗಳ ಹುಟ್ಟನ್ನು ಹೇಳಬೇಕು. ಆರ್ಡುವಿನೊ ಎಂಬ ಬೋರ್ಡ್ 2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದ ವಿನ್ಯಾಸ ಶಾಲೆಯಲ್ಲಿ ರೂಪುಗೊಂಡಿತು. ಎಲೆಕ್ಟ್ರಾನಿಕ್ಸ್ ಓದದ, ವಿನ್ಯಾಸ ಕಲಿಯಲು ಬಂದ ವಿದ್ಯಾರ್ಥಿಗಳು ಅಗ್ಗದಲ್ಲಿ, ಸುಲಭವಾಗಿ ದೀಪ, ಮೋಟರ್, ಬೆಳಕು ತೇವಗಳನ್ನು ಅಳೆಯುವ ಸೆನ್ಸರ್‌ಗಳನ್ನು ಆಡಿಸಲಿ ಎಂಬುದೇ ಅದರ ಉದ್ದೇಶವಾಗಿತ್ತು. ಹೆಸರು ಬಂದದ್ದು ಅದನ್ನು ಕಟ್ಟಿದವರು ಸೇರುತ್ತಿದ್ದ ಒಂದು ಬಾರ್‌ನಿಂದ. ಆ ಬಾರ್‌ಗೆ ಹೆಸರು ಬಂದದ್ದು ಸಾವಿರ ವರ್ಷದ ಹಿಂದಿನ ಆರ್ಡುಯಿನ್ ಎಂಬ ರಾಜನಿಂದ. ಅದರ ವಿನ್ಯಾಸವನ್ನು ಎಲ್ಲರಿಗೂ ಬಿಟ್ಟುಕೊಟ್ಟಿರುವುದರಿಂದ ಯಾರು ಬೇಕಾದರೂ ಅದೇ ಬಗೆಯ ಬೋರ್ಡ್ ತಯಾರಿಸಬಹುದು. ಆದ್ದರಿಂದಲೇ ಇಂದು ಕೆಲವು ನೂರು ರೂಪಾಯಿಗೆ ಒಂದು ಬೋರ್ಡ್ ನಮ್ಮ ಮಕ್ಕಳ ಕೈಗೆ ಸಿಗುತ್ತಿದೆ.

ನಾನು ಮೊದಲಿಗೆ ಕೊಡುವುದು ಆರ್ಡುವಿನೊದ ಊನೊ ಆರ್3 ಮಾದರಿಯ ಬೋರ್ಡನ್ನು. ಇದರಲ್ಲಿರುವ ಚಿಪ್ಪು ಸೆಕೆಂಡಿಗೆ 1 ಕೋಟಿ 60 ಲಕ್ಷ ಬಾರಿ ಮಿಡಿಯುತ್ತದೆ. ನಾವು ಬರೆದ ಪ್ರೋಗ್ರಾಮ್ ಇಟ್ಟುಕೊಳ್ಳಲು 32 ಕಿಲೋಬೈಟ್, ಲೆಕ್ಕ ಮಾಡುವಾಗಿನ ನೆನಪಿಗೆ 2 ಕಿಲೋಬೈಟ್ ಜಾಗ ಇದೆ. ಮೊಬೈಲಿನಲ್ಲಿ ಒಂದು ಫೋಟೊ ತೆಗೆದರೆ ಅದೇ ಇದರ ನೂರು ಪಟ್ಟು ಆಗುತ್ತದೆ. ಆದರೆ ಇಷ್ಟು ಸಣ್ಣದಾಗಿರುವುದೇ ಕಲಿಯುವವರಿಗೆ ಅನುಕೂಲ, ಏಕೆಂದರೆ ಇದರೊಳಗೆ ನಾವು ಹೇಳಿದ ಕೆಲಸವೊಂದನ್ನು ಬಿಟ್ಟರೆ ಬೇರೇನೂ ನಡೆಯುವುದಿಲ್ಲ. ಕರೆಂಟು ಕೊಟ್ಟೊಡನೆ ‘ಸೆಟಪ್’ ಎಂಬ ಭಾಗ ಒಮ್ಮೆ ಓಡುತ್ತದೆ, ಆಮೇಲೆ ‘ಲೂಪ್’ ಎಂಬ ಭಾಗ ಗಾಣದೆತ್ತಿನ ಹಾಗೆ ಕರೆಂಟು ಹೋಗುವವರೆಗೂ ಸುತ್ತುತ್ತಲೇ ಇರುತ್ತದೆ. ವೈಫೈ ಇರುವ ಇಎಸ್‌ಪಿ32, ಪೈಥಾನ್ ಭಾಷೆಯಲ್ಲಿ ಸುಲಭವಾಗಿ ಬರೆಯಬಹುದಾದ ರಾಸ್ಪ್‌ಬೆರಿ ಪೈ ಪೀಕೊ ಮುಂತಾದವು ಇನ್ನೂ ಬಲಶಾಲಿಯಾದವು, ಬೆಲೆಯೂ ಹೆಚ್ಚಿಲ್ಲ. ಆದರೂ ಇವೆರಡರ, ತಂತಿ ಜೋಡಿಸುವ ಪಿನ್‌ಗಳು 3.3 ವೋಲ್ಟಿನವು, ಊನೊ 5 ವೋಲ್ಟಿನದು. ಕೈತಪ್ಪುಗಳನ್ನು ಅದು ಹೆಚ್ಚು ಸಹಿಸಿಕೊಳ್ಳುತ್ತದೆ ಎಂಬುದು ನಾನು ಕಂಡುಕೊಂಡ ಸತ್ಯ. ನೀರಿನ ಟ್ಯಾಂಕಿನ ಮಟ್ಟ ಅಳೆಯಲೆಂದು 5 ವೋಲ್ಟ್ ಹೊರಬಿಡುವ ಅಲ್ಟ್ರಾಸಾನಿಕ್ ಸೆನ್ಸರ್ ಒಂದನ್ನು ನೇರವಾಗಿ ಇಎಸ್‌ಪಿ32ಕ್ಕೆ ಜೋಡಿಸಿ ಅದರ ಒಂದು ಪಿನ್ನನ್ನು ಶಾಶ್ವತವಾಗಿ ಕಳೆದುಕೊಂಡವನು ನಾನು. ನಡುವೆ ಎರಡು ರೆಸಿಸ್ಟರ್ ಹಾಕಿ ವೋಲ್ಟೇಜು ಇಳಿಸಿದ್ದರೆ ಉಳಿಯುತ್ತಿತ್ತು.

ಇನ್ನು ಆ ಮೊದಲ ಗಂಟೆ. ಮಕ್ಕಳು ಈ ವಿದ್ಯೆಯನ್ನು ಬಿಟ್ಟುಬಿಡುವುದು ಪ್ರೋಗ್ರಾಮಿಂಗ್ ಕಷ್ಟವೆಂದಲ್ಲ. ಪ್ರೋಗ್ರಾಮಿಂಗ್‌ವರೆಗೆ ಅವರು ತಲುಪಿರುವುದೇ ಇಲ್ಲ. ನನ್ನ ಮೊದಲ ಎರಡು ದಿನಗಳು ಹೋದದ್ದು ಒಂದು ಕೇಬಲ್‌ನಿಂದ. ಅಂಗಡಿಯೊಂದರಲ್ಲಿ ಕೊಂಡಿದ್ದ ಯುಎಸ್‌ಬಿ ಕೇಬಲ್ ಸಿಕ್ಕಿಸಿದರೆ ಬೋರ್ಡಿನ ಹಸಿರು ದೀಪ ಹತ್ತುತ್ತಿತ್ತು, ಕಂಪ್ಯೂಟರಿಗೆ ಮಾತ್ರ ಬೋರ್ಡ್ ಕಾಣುತ್ತಿರಲಿಲ್ಲ. ಒಳಗೆ ಕರೆಂಟಿನ ಎರಡು ತಂತಿಗಳಷ್ಟೇ ಇದ್ದು ಮಾಹಿತಿ ಸಾಗಿಸುವ ಎರಡು ತಂತಿಗಳಿಲ್ಲದ, ಚಾರ್ಜಿಂಗ್‌ಗೆಂದೇ ಮಾಡಿದ ಕೇಬಲ್ ಅದು. ಹೊರಗಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ. ಈಗ ನಮ್ಮ ಜಗಲಿಯಲ್ಲಿ ಒಳ್ಳೆಯ ಕೇಬಲ್‌ಗಳಿಗೆ ಕೆಂಪು ದಾರ ಕಟ್ಟಿಟ್ಟಿದ್ದೇವೆ.

ಕೇಬಲ್ ಸರಿಯಾದರೆ ಬೋರ್ಡನ್ನು ಕಂಪ್ಯೂಟರಿಗೆ ಪರಿಚಯಿಸುವ ತಂತ್ರಾಂಶವಾದ ಡ್ರೈವರ್‌ನ ಸರದಿ. ಅಗ್ಗದ ಬೋರ್ಡ್‌ಗಳಲ್ಲಿ ಕಂಪ್ಯೂಟರಿನೊಂದಿಗೆ ಮಾತಾಡಲು ಸಾಮಾನ್ಯವಾಗಿ ಸಿಎಚ್340 ಎಂಬ ಬೇರೊಂದು ಚಿಪ್ಪು ಇರುತ್ತದೆ. ಶಾಲೆಯ ಹಳೆಯ ಕಂಪ್ಯೂಟರಿಗೆ ಅದರ ಪರಿಚಯ ಇಲ್ಲದಿದ್ದರೆ ಡ್ರೈವರನ್ನು ನಾವೇ ಹಾಕಬೇಕು. ಬಳಿಕ ಆರ್ಡುವಿನೊ ತಂತ್ರಾಂಶದಲ್ಲಿ ಬೋರ್ಡಿನ ಹೆಸರನ್ನೂ ಅದು ಸೇರಿರುವ ಪೋರ್ಟನ್ನೂ (ಕಂಪ್ಯೂಟರಿನ ಸಂಪರ್ಕ ದ್ವಾರ) ಆರಿಸಬೇಕು. ಪೋರ್ಟ್ ತಪ್ಪಿದರೆ ‘ಬೋರ್ಡ್ ಉತ್ತರ ಕೊಡುತ್ತಿಲ್ಲ’ ಎಂಬರ್ಥದ ಇಂಗ್ಲಿಷ್ ಸಂದೇಶ ಕಿತ್ತಳೆ ಬಣ್ಣದಲ್ಲಿ ಹತ್ತು ಸಲ ಸಾಲಾಗಿ ಬಂದು ನಿಲ್ಲುತ್ತದೆ. ಅದನ್ನು ಕಂಡು ಬೋರ್ಡ್ ಸುಟ್ಟುಹೋಯಿತೆಂದು ಹೆದರಿ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ ಶಾಲೆಯೊಂದನ್ನು ನಾನು ಬಲ್ಲೆ. ಅಲ್ಲಿನ ಶಿಕ್ಷಕರನ್ನು ದೂರುವುದಿಲ್ಲ. ದುಬಾರಿ ವಸ್ತು ತಮ್ಮ ಕೈಯಲ್ಲಿ ಕೆಟ್ಟಿತೆಂಬ ಅಪವಾದ ಯಾರಿಗೆ ಬೇಕು? ಮೆನುವಿಗೆ ಹೋಗಿ ಪೋರ್ಟ್ ಬದಲಿಸಿದ ಐದನೇ ನಿಮಿಷದಲ್ಲಿ ಅದೇ ಬೋರ್ಡ್ ಕೆಲಸ ಮಾಡಿತು.

ಮೊದಲ ಪ್ರೋಗ್ರಾಮ್ ಎಲ್ಲರಿಗೂ ಒಂದೇ: ಬೋರ್ಡಿನ ಮೇಲೆಯೇ ಇರುವ, 13ನೇ ಪಿನ್ನಿಗೆ ಸೇರಿದ ಪುಟ್ಟ ದೀಪವನ್ನು ಮಿನುಗಿಸುವುದು. ತಂತ್ರಾಂಶದ ಉದಾಹರಣೆಗಳಲ್ಲಿ ಅದು ಸಿದ್ಧವಾಗಿಯೇ ಇದೆ. ಒಂದು ಸೆಕೆಂಡ್ ಹತ್ತಿ ಒಂದು ಸೆಕೆಂಡ್ ಆರುವ ದೀಪ ಅದು. ಅಲ್ಲಿ 1000 ಎಂದಿರುವುದನ್ನು 100 ಮಾಡಿ ಮತ್ತೆ ಅಪ್‌ಲೋಡ್ ಮಾಡಿದಾಗ ದೀಪ ಚಡಪಡಿಸುವುದನ್ನು ಕಂಡ ಮಗುವಿನ ಮುಖವನ್ನು ನೋಡಿದವರಿಗೆ ನಾನು ಈ ಪತ್ರ ಯಾಕೆ ಬರೆಯುತ್ತಿದ್ದೇನೆಂದು ಬೇರೆ ಹೇಳಬೇಕಿಲ್ಲ.

ತೊಡಕು ಬರುವುದು ಇದರ ನಂತರ. ಕಿಟ್ ಜೊತೆಗೆ ಬರುವ ಪುಸ್ತಿಕೆ ಮೂವತ್ತು ‘ಪ್ರಾಜೆಕ್ಟ್’ಗಳನ್ನು ಪಟ್ಟಿ ಮಾಡಿರುತ್ತದೆ, ಮಕ್ಕಳು ಒಂದೊಂದನ್ನೂ ನಕಲು ಮಾಡಿ ಬಿಚ್ಚಿಡುತ್ತಾರೆ, ವಾರದಲ್ಲಿ ಆಸಕ್ತಿ ತೀರುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಸಾಮಾನುಗಳಲ್ಲಿ ಕೆಲವು ನಮ್ಮ ಹವಾಮಾನಕ್ಕೆ ಒಗ್ಗುವುದೇ ಇಲ್ಲ. ಕಿಟ್‌ಗಳಲ್ಲಿ ತಪ್ಪದೆ ಇರುವ ಡಿಎಚ್‌ಟಿ11 ಎಂಬ ನೀಲಿ ಸೆನ್ಸರ್ ಗಾಳಿಯ ತೇವಾಂಶವನ್ನು ಶೇ 20ರಿಂದ 90ರವರೆಗೆ ಮಾತ್ರ ಅಳೆಯಬಲ್ಲದು, ಅದೂ ಶೇ 5ರಷ್ಟು ಆಚೀಚೆಯಾಗಿ. ಕಕ್ಕಡ ತಿಂಗಳಲ್ಲಿ (ಜುಲೈ–ಆಗಸ್ಟ್‌ನ ಜಡಿಮಳೆಯ ಕಾಲ) ಗೋಡೆಯೇ ಬೆವರುವ, ಚಪ್ಪಲಿಗೂ ಬೂಸಲು ಹಿಡಿಯುವ ನಮ್ಮೂರಿನಲ್ಲಿ ಅದು ಅಳೆಯುವುದೇನನ್ನು? ಶೇ 100ರವರೆಗೆ ಅಳೆಯುವ ಡಿಎಚ್‌ಟಿ22 ಸ್ವಲ್ಪ ದುಬಾರಿಯಾದರೂ ನಮಗೆ ಬೇಕಾದದ್ದು ಅದು. ಹಾಗೆಯೇ, ಎರಡು ಲೋಹದ ಕಾಲುಗಳ ಮಣ್ಣಿನ ತೇವ ಸೆನ್ಸರ್‌ಗೆ ಸದಾ ಕರೆಂಟು ಹರಿಯುತ್ತಿದ್ದರೆ ಒದ್ದೆ ಮಣ್ಣಿನಲ್ಲಿ ಕೆಲವೇ ವಾರಗಳಲ್ಲಿ ಅದರ ಕಾಲು ಸವೆದು ಕರಗುತ್ತದೆ. ಓದುವ ಕ್ಷಣದಲ್ಲಷ್ಟೇ ಕರೆಂಟು ಕೊಡಬೇಕು, ಇಲ್ಲವೇ ಲೋಹ ಮಣ್ಣಿಗೆ ತಾಗದ ಕೆಪ್ಯಾಸಿಟಿವ್ ಬಗೆಯದನ್ನು ಕೊಳ್ಳಬೇಕು. ಪುಸ್ತಿಕೆಗಳು ಇದನ್ನು ಹೇಳುವುದಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು: ಕೊಡಗಿನ ಮಕ್ಕಳು ದೀಪ ಮಿನುಗಿಸಿದ ಮರುವಾರವೇ ಮಳೆಮಾಪಕ ಮಾಡಲಿ. ನಮ್ಮಲ್ಲಿ ಮಳೆ ಎಣಿಸದ ತೋಟದ ಮನೆ ಇಲ್ಲ. ಬೆಳಿಗ್ಗೆ ಎದ್ದು ಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು ಇಂಚು ಮತ್ತು ಸೆಂಟ್ ಲೆಕ್ಕದಲ್ಲಿ ಪುಸ್ತಕಕ್ಕೆ ಬರೆಯುವ ರೂಢಿ ಅಜ್ಜಂದಿರ ಕಾಲದಿಂದ ಬಂದಿದೆ. ನೂರು ಸೆಂಟ್‌ಗೆ ಒಂದು ಇಂಚು. ಫೆಬ್ರುವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಸೆಂಟ್ ಬಿತ್ತು, ಅದರ ಹಿಂದೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಬಂತೋ ಇಲ್ಲವೋ, ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಎಂಬ ಮಾತು ಬಸ್ ನಿಲ್ದಾಣದಲ್ಲೂ ಮದುವೆ ಮಂಟಪದಲ್ಲೂ ನಡೆಯುತ್ತದೆ. ಮಗು ಕಂಡ, ಮನೆಯವರಿಗೆ ಬೇಕಾದ, ಸರಿಯೋ ತಪ್ಪೋ ಎಂದು ಪಕ್ಕದಲ್ಲೇ ಪರೀಕ್ಷಿಸಿ ನೋಡಬಹುದಾದ ಇಂಥ ಅಳತೆ ಬೇರೆ ಊರಿನ ಮಕ್ಕಳಿಗೆ ಸುಲಭವಾಗಿ ಸಿಕ್ಕುವುದಿಲ್ಲ.

ಮಾಪಕದ ತತ್ವ ಸರಳ. ಆಲಿಕೆಯ ಕೆಳಗೆ ತಕ್ಕಡಿಯಂತೆ ತೂಗುವ ಎರಡು ಪುಟ್ಟ ತೊಟ್ಟಿಗಳು. ಒಂದು ತುಂಬಿದೊಡನೆ ಮಗುಚಿಕೊಂಡು ನೀರು ಚೆಲ್ಲುತ್ತದೆ, ಇನ್ನೊಂದು ಆಲಿಕೆಯ ಕೆಳಗೆ ಬರುತ್ತದೆ. ಮಗುಚುವಾಗ ಅದಕ್ಕೆ ಅಂಟಿಸಿದ ಅಯಸ್ಕಾಂತ ರೀಡ್ ಸ್ವಿಚ್‌ನ ಮುಂದೆ ಹಾದುಹೋಗಿ ಕ್ಷಣಕಾಲ ಅದನ್ನು ಮುಚ್ಚುತ್ತದೆ. ಬೋರ್ಡ್ ಆ ಮುಚ್ಚುವಿಕೆಯನ್ನು ಎಣಿಸುತ್ತದೆ. ನಮ್ಮ ತೋಟಗಳ ಮಾಪಕದಂತೆ ಬಾಯಿ ಐದು ಇಂಚು ಅಗಲ ಇದ್ದರೆ ಒಂದು ಸೆಂಟ್ ಮಳೆಗೆ ಬೀಳುವ ನೀರು ಸುಮಾರು 3.2 ಮಿಲಿಲೀಟರ್. ಔಷಧಿ ಅಂಗಡಿಯ ಸೂಜಿಯಿಲ್ಲದ ಸಿರಿಂಜಿನಲ್ಲಿ ಅಷ್ಟು ನೀರು ಹನಿಸಿ, ಸರಿಯಾಗಿ ಆಗಲೇ ತೊಟ್ಟಿ ಮಗುಚುವಂತೆ ಕೆಳಗಿನ ತಿರುಪನ್ನು ಏರಿಸಿ ಇಳಿಸಿ ಹೊಂದಿಸಿದರೆ ಒಂದು ಮಗುಚಿಗೆ ಒಂದು ಸೆಂಟ್. ಈ 3.2 ಎಲ್ಲಿಂದ ಬಂತೆಂದು ಕೇಳಿದ ಹುಡುಗನಿಗೆ ನಾನು ಉತ್ತರ ಹೇಳಲಿಲ್ಲ. ವೃತ್ತದ ವಿಸ್ತೀರ್ಣವನ್ನು ಮಳೆಯ ಎತ್ತರದಿಂದ ಗುಣಿಸಿ ಅವನೇ ಕಂಡುಕೊಂಡ.

ಪ್ರೋಗ್ರಾಮ್ ಬರೆಯುವಾಗ ಮಾಡಿದ ತಪ್ಪುಗಳೇ ನಮಗೆ ಪಾಠವಾದವು. ಮೊದಲ ದಿನ ಮಳೆಯೇ ಇಲ್ಲದೆ ಎಣಿಕೆ ಏರುತ್ತಿತ್ತು. ತಂತಿಯ ಹತ್ತಿರ ಕೈ ಒಯ್ದರೆ ಸಾಕು, ಇನ್ನೂ ಜೋರಾಗಿ ಏರುತ್ತಿತ್ತು. ಸ್ವಿಚ್ ತೆರೆದಿರುವಾಗ ಪಿನ್ನು ಯಾವ ಕಡೆಗೂ ಸೇರದೆ ತೇಲುತ್ತಿರುತ್ತದೆ, ಗಾಳಿಯಲ್ಲಿನ ವಿದ್ಯುತ್ ಗದ್ದಲವೆಲ್ಲ ಅದಕ್ಕೆ ಸಂಕೇತವಾಗಿ ಕಾಣುತ್ತದೆ. ಚಿಪ್ಪಿನೊಳಗೇ ಇರುವ, ಪಿನ್ನನ್ನು 5 ವೋಲ್ಟಿನ ಕಡೆಗೆ ಎಳೆದಿಡುವ ಪುಲ್‌ಅಪ್ ರೆಸಿಸ್ಟರನ್ನು ಒಂದು ಪದ ಸೇರಿಸಿ ಚಾಲೂ ಮಾಡಿದಾಗ ಅದು ಶಾಂತವಾಯಿತು.

ಎರಡನೆಯದು ಮಳೆ ಬಂದ ರಾತ್ರಿ ತಿಳಿದದ್ದು. ಬೆಳಿಗ್ಗೆ ಕೈಮಾಪಕದಲ್ಲಿ 85 ಸೆಂಟ್ ಇದ್ದರೆ ಬೋರ್ಡ್ 2 ಇಂಚು 31 ಸೆಂಟ್ ಎನ್ನುತ್ತಿತ್ತು. ರೀಡ್ ಸ್ವಿಚ್‌ನ ಎರಡು ಲೋಹದ ನಾಲಿಗೆಗಳು ಒಮ್ಮೆಲೇ ಕೂಡಿಕೊಳ್ಳದೆ, ಸಿಮೆಂಟಿನ ಮೇಲೆ ಬಿದ್ದ ಗೋಲಿಯಂತೆ ಕೆಲವು ಸಾರಿ ಪುಟಿಯುತ್ತವೆ. ನಮ್ಮ ಕಣ್ಣಿಗೆ ಅದು ಒಂದೇ ಬಾರಿ, ಚಿಪ್ಪಿಗೆ ಮೂರು ಬಾರಿ. ಒಮ್ಮೆ ಎಣಿಸಿದ ಮೇಲೆ 200 ಮಿಲಿಸೆಕೆಂಡ್‌ವರೆಗೆ ಮತ್ತೆ ಎಣಿಸಬೇಡ ಎಂದು ಬರೆದೆವು. ಹಾಗೆ ಮಾಡಿದರೆ ಜಡಿಮಳೆಯಲ್ಲಿ ನಿಜವಾದ ಮಗುಚು ತಪ್ಪಿಹೋಗದೇ ಎಂಬ ಪ್ರಶ್ನೆಯನ್ನು ಎತ್ತಿದ್ದು ಒಂಬತ್ತನೇ ತರಗತಿಯ ಹುಡುಗಿ. ಗಂಟೆಗೆ ನಾಲ್ಕು ಇಂಚಿನ ಭೀಕರ ಮಳೆ ಸುರಿದರೂ ಒಂಬತ್ತು ಸೆಕೆಂಡಿಗೆ ಒಂದು ಮಗುಚು ಎಂದು ಅವಳೇ ಲೆಕ್ಕ ಹಾಕಿ ಸಮಾಧಾನಪಟ್ಟಳು.

ಆಮೇಲೆ ‘ಡಿಲೇ’. ದೀಪ ಮಿನುಗಿಸುವಾಗ ಕಲಿತ ಈ ಆಜ್ಞೆಯನ್ನು ಮಕ್ಕಳು ಎಲ್ಲ ಕಡೆಯೂ ಹಾಕುತ್ತಾರೆ. ಹತ್ತು ಸೆಕೆಂಡ್ ತಡೆ ಎಂದರೆ ಆ ಹತ್ತು ಸೆಕೆಂಡ್ ಬೋರ್ಡ್ ಕಣ್ಣು ಮುಚ್ಚಿಕೊಂಡು ಕುಳಿತ ಹಾಗೆ. ಆ ನಡುವೆ ತೊಟ್ಟಿ ಮಗುಚಿದರೆ ಅದಕ್ಕೆ ತಿಳಿಯುವುದಿಲ್ಲ. ಊನೊದ 2 ಮತ್ತು 3ನೇ ಪಿನ್‌ಗಳಿಗೆ ‘ಇಂಟರಪ್ಟ್’ ಎಂಬ ಸೌಲಭ್ಯ ಇದೆ. ಏನೇ ಕೆಲಸ ನಡೆಯುತ್ತಿದ್ದರೂ ಬಾಗಿಲು ಬಡಿದವರನ್ನು ಮೊದಲು ಮಾತಾಡಿಸಿ ಬಂದು ಬಿಟ್ಟ ಕೆಲಸವನ್ನು ಮುಂದುವರಿಸುವಂಥದ್ದು. ಸ್ವಿಚ್ಚನ್ನು ಅಲ್ಲಿಗೆ ಜೋಡಿಸಿದೆವು.

ಸಮಯದ ಲೆಕ್ಕದಲ್ಲಿ ಇನ್ನೊಂದು ಗುಂಡಿ ಇದೆ. ಅದು ನಮ್ಮ ಮಳೆಗಾಲಕ್ಕೆಂದೇ ತೋಡಿಟ್ಟ ಹಾಗಿದೆ. ಬೋರ್ಡ್ ಶುರುವಾದಾಗಿನಿಂದ ಕಳೆದ ಮಿಲಿಸೆಕೆಂಡ್‌ಗಳನ್ನು ಹೇಳುವ ‘ಮಿಲಿಸ್’ 49 ದಿನ 17 ಗಂಟೆಗೆ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ. ಜೂನ್ 1ರ ಬೆಳಿಗ್ಗೆ ಎಂಟೂವರೆಗೆ ಚಾಲೂ ಮಾಡಿದ ಮಾಪಕ ಜುಲೈ 21ರ ನಸುಕಿನ ಒಂದೂವರೆಗೆ, ಅಂದರೆ ಸುರಿಯುವ ಕಕ್ಕಡದಲ್ಲೇ, ಸೊನ್ನೆಗೆ ಮರಳುತ್ತದೆ. ‘ಈಗಿನ ಸಮಯ ಹಿಂದಿನ ಸಮಯಕ್ಕಿಂತ 200 ಹೆಚ್ಚಾಯಿತೇ’ ಎಂಬುದನ್ನು ಕೂಡಿಸಿ ನೋಡುವ ಬದಲು, ಅದೇ ಅಳತೆಯ ಚಿಹ್ನೆಯಿಲ್ಲದ (ಮೈನಸ್ ಆಗದ) ಸಂಖ್ಯೆಗಳಲ್ಲಿ ಒಂದರಿಂದ ಒಂದನ್ನು ಕಳೆದು ನೋಡಿದರೆ ಸೊನ್ನೆಗೆ ಮರಳಿದಾಗಲೂ ಉತ್ತರ ಸರಿಯಾಗಿಯೇ ಬರುತ್ತದೆ. ಎಣಿಕೆಗೆ ‘ಇಂಟ್’ ಎಂಬ ಸಾಮಾನ್ಯ ಪೂರ್ಣಾಂಕದ ಬಗೆಯನ್ನು ಬಳಸಿದರೂ ತೊಂದರೆಯೇ. ಊನೊದಲ್ಲಿ ಅದರ ಮಿತಿ 32,767, ಅಂದರೆ 327 ಇಂಚು 67 ಸೆಂಟ್. ಮುಂದಿನ ಒಂದು ಸೆಂಟ್‌ಗೆ ಮಳೆ ಮೈನಸ್ 32,768 ಆಗುತ್ತದೆ! ಒಂದು ವರ್ಷದಲ್ಲಿ ಅಷ್ಟು ಮಳೆ ನಮ್ಮ ತೋಟಕ್ಕೆ ಬೀಳುವುದಿಲ್ಲ, ಆದರೆ ವರ್ಷಗಟ್ಟಲೆ ಸೊನ್ನೆ ಮಾಡದೆ ಬಿಟ್ಟರೆ ಭೂಮಿಯಿಂದ ಆಕಾಶಕ್ಕೆ ಮಳೆ ಸುರಿದ ಲೆಕ್ಕ ಬಂದೀತು.

ಕರೆಂಟು ಹೋಗುವುದನ್ನಂತೂ ಕೊಡಗಿನವರಿಗೆ ಹೇಳಿಕೊಡಬೇಕಿಲ್ಲ. ಮರ ಬಿದ್ದು ಮೂರು ದಿನ ಕತ್ತಲಾದರೆ 2 ಕಿಲೋಬೈಟಿನಲ್ಲಿದ್ದ ಎಣಿಕೆ ಅಳಿಸಿಹೋಗುತ್ತದೆ. ಅದೇ ಚಿಪ್ಪಿನಲ್ಲಿ ಕರೆಂಟು ಹೋದರೂ ಅಳಿಯದ 1 ಕಿಲೋಬೈಟಿನ ಇಇಪ್ರಾಮ್ ಇದೆ. ಅದರ ಒಂದೊಂದು ಕೋಣೆಯೂ ಒಂದು ಲಕ್ಷ ಬಾರಿ ಬರೆಯುವುದನ್ನು ತಾಳಿಕೊಳ್ಳುತ್ತದೆ. ಮಗುಚಿದಾಗಲೆಲ್ಲ ಬರೆದರೂ ಒಂದು ಸಾವಿರ ಇಂಚು ಮಳೆಗೆ ಸಾಕು. ಅಷ್ಟರಲ್ಲಿ ಹುಡುಗರು ಕಾಲೇಜು ಮುಗಿಸಿರುತ್ತಾರೆ. ಕತ್ತಲಿನ ದಿನಗಳ ಮಳೆಯೂ ಎಣಿಕೆಗೆ ಬರಬೇಕಾದರೆ ಬೋರ್ಡಿಗೆ ಬ್ಯಾಟರಿಯನ್ನೂ ಕಟ್ಟಬೇಕು.

ಈಗ ಭಾಷೆಯ ವಿಷಯ. ಪ್ರೋಗ್ರಾಮಿನ ಆಜ್ಞೆಗಳು ಇಂಗ್ಲಿಷಿನಲ್ಲಿವೆ, ಅವು ಹಾಗೆಯೇ ಇರಲಿ. ಒಟ್ಟಿನಲ್ಲಿ ಇಪ್ಪತ್ತು ಮೂವತ್ತು ಪದಗಳು, ಮಕ್ಕಳಿಗೆ ಅದು ಹೊರೆಯಲ್ಲ. ಹೊರೆಯಾಗುವುದು ಆ ಪದಗಳ ಸುತ್ತಲಿನ ವಿವರಣೆ. ‘ಪಿನ್ನು ತೇಲುತ್ತಿದೆ’, ‘ಸ್ವಿಚ್ ಪುಟಿಯುತ್ತದೆ’ ಎಂದು ಕನ್ನಡದಲ್ಲಿ ಹೇಳಿದಾಗ ಒಂದೇ ಏಟಿಗೆ ಹೊಳೆಯುವುದು ಇಂಗ್ಲಿಷ್ ಪುಸ್ತಿಕೆಯ ಎರಡು ಪುಟ ಓದಿದರೂ ಹೊಳೆಯುವುದಿಲ್ಲ. ಪ್ರತಿ ಸಾಲಿನ ಪಕ್ಕದಲ್ಲಿ ಎರಡು ಓರೆಗೆರೆ ಎಳೆದು ಕನ್ನಡದಲ್ಲೇ ಟಿಪ್ಪಣಿ ಬರೆಯಬಹುದು, ತಂತ್ರಾಂಶ ಅದಕ್ಕೆ ತಕರಾರು ಮಾಡುವುದಿಲ್ಲ. ಕಂಪ್ಯೂಟರಿನ ಪರದೆಗೆ ‘ಮಳೆ 12 ಸೆಂಟ್’ ಎಂದು ಬೋರ್ಡ್ ಕನ್ನಡದಲ್ಲೇ ಕಳುಹಿಸಬಲ್ಲದು. ಒಂದು ಎಚ್ಚರಿಕೆ: ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಕನ್ನಡದ ಪ್ರತಿ ಅಕ್ಷರಕ್ಕೂ, ಅದರ ಕೊಂಬು ಏತ್ವಗಳಿಗೂ ಮೂರು ಮೂರು ಬೈಟ್ ಬೇಕು. ‘ಮಳೆ’ ಎಂಬ ಪದವೇ ಒಂಬತ್ತು ಬೈಟ್. ಉದ್ದುದ್ದ ವಾಕ್ಯಗಳನ್ನು 2 ಕಿಲೋಬೈಟಿನೊಳಗೆ ತುಂಬಿದರೆ ಬೋರ್ಡ್ ತಲೆತಿರುಗಿ ವಿಚಿತ್ರವಾಗಿ ವರ್ತಿಸುತ್ತದೆ; ಅಂಥವನ್ನು ಪ್ರೋಗ್ರಾಮಿನ ಜಾಗದಲ್ಲೇ ಇರಿಸುವ ವಿಧಾನ ಉಂಟು. ಪರದೆಯ ಮೇಲೆ ಅಕ್ಷರಗಳ ಬದಲು ಕಸ ಬಂದರೆ ಮಾತ್ರ ಅದು ಭಾಷೆಯ ದೋಷವಲ್ಲ. ಬೋರ್ಡ್ 9600 ವೇಗದಲ್ಲಿ ಕಳುಹಿಸುವುದನ್ನು ಕಂಪ್ಯೂಟರ್ 115200ರಲ್ಲಿ ಕೇಳಿಸಿಕೊಳ್ಳುತ್ತಿರುತ್ತದೆ, ಅಷ್ಟೆ.

ಕಿಟ್ ದಾನ ಮಾಡುವವರಲ್ಲಿ ನನ್ನ ವಿನಂತಿ ಏನೆಂದರೆ, ಹತ್ತು ದೊಡ್ಡ ಕಿಟ್‌ಗಳ ಹಣದಲ್ಲಿ ಮಕ್ಕಳಿಬ್ಬರಿಗೆ ಒಂದರಂತೆ ಬರಿಯ ಬೋರ್ಡ್, ಪರೀಕ್ಷಿಸಿ ನೋಡಿದ ಕೇಬಲ್, ಒಂದು ರೀಡ್ ಸ್ವಿಚ್, ಒಂದು ಅಯಸ್ಕಾಂತ ಕೊಡಿ. ಉಳಿದ ಹಣದಲ್ಲಿ ಒಬ್ಬರನ್ನು ಮೊದಲ ದಿನ ಶಾಲೆಗೆ ಕಳುಹಿಸಿ ಪ್ರತಿ ಕಂಪ್ಯೂಟರಿಗೂ ಡ್ರೈವರ್ ಹಾಕಿಸಿ. ಕಂಪ್ಯೂಟರ್ ಇದ್ದು ಬೋರ್ಡ್ ಇಲ್ಲದ ಕಡೆ ಬ್ರೌಸರಿನಲ್ಲೇ ಓಡುವ ಟಿಂಕರ್‌ಕ್ಯಾಡ್, ವೊಕ್ವಿ ಮುಂತಾದ ಸಿಮ್ಯುಲೇಟರ್‌ಗಳಲ್ಲಿ ಅಭ್ಯಾಸ ಮಾಡಬಹುದು, ಆದರೆ ತೇಲುವ ಪಿನ್ನಿಗೆ ಕೈ ಒಯ್ದು ನೋಡುವ ಪಾಠ ಅಲ್ಲಿ ಸಿಗುವುದಿಲ್ಲ. ಕೇಂದ್ರ ಸರ್ಕಾರದ ನೆರವಿನ ಪ್ರಯೋಗಶಾಲೆಯಾದ ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳು ತಮ್ಮ ಪಕ್ಕದ ಶಾಲೆಯ ಮಕ್ಕಳನ್ನು ತಿಂಗಳಿಗೊಮ್ಮೆ ಕರೆಸಿಕೊಂಡರೆ ಇನ್ನೂ ಒಳ್ಳೆಯದು.

ತಮ್ಮಲ್ಲಿಯೂ ಒಂದು ಕೋರಿಕೆ ಇದೆ. ಮಳೆಗಾಲದಲ್ಲಿ ತಮ್ಮ ಪತ್ರಿಕೆ ಹೋಬಳಿವಾರು ಮಳೆಯ ಅಂಕಿಗಳನ್ನು ಮಿಲಿಮೀಟರಿನಲ್ಲಿ ಪ್ರಕಟಿಸುತ್ತದೆ. ಅದರ ಪಕ್ಕದಲ್ಲಿ ಇಂಚು–ಸೆಂಟ್ ಲೆಕ್ಕವನ್ನೂ ಕೊಟ್ಟರೆ ಮಕ್ಕಳು ತಮ್ಮ ಎಣಿಕೆಯನ್ನು ಹೋಲಿಸಿಕೊಳ್ಳಬಹುದು. ಜೊತೆಗೆ ಭಾನುವಾರದ ಪುರವಣಿಯಲ್ಲಿ ಕಾಲು ಪುಟದ ಜಾಗ ಕೊಟ್ಟರೆ ಮಾಪಕದ ಜೋಡಣೆಯ ಚಿತ್ರವನ್ನೂ ಕನ್ನಡ ಟಿಪ್ಪಣಿ ಸಹಿತವಾದ ಪ್ರೋಗ್ರಾಮನ್ನೂ ಕಂತುಕಂತಾಗಿ ಬರೆದು ಕಳುಹಿಸಲು ನಾನು ಸಿದ್ಧನಿದ್ದೇನೆ, ಸಂಭಾವನೆ ಬೇಡ. ಮೊದಲ ಕಂತು ಮೇ ಎರಡನೇ ವಾರದೊಳಗೆ ಬಂದರೆ, ಮುಂಗಾರು ಹಿಡಿಯುವ ಮುನ್ನ ತೊಟ್ಟಿ ಕಟ್ಟಿ ಸಿರಿಂಜಿನಿಂದ ಹೊಂದಿಸಿಕೊಳ್ಳಲು ಮಕ್ಕಳಿಗೆ ಎರಡು ಭಾನುವಾರವಾದರೂ ಸಿಗುತ್ತದೆ.

ಇತಿ,
ಓದುಗ ಬೆಳೆಗಾರ
ನಾಪೋಕ್ಲು, ಕೊಡಗು